ಹಾಡಿನ ನಡುಕ ಬಿಡಿಸಿದ ಯಶೋಧಕ್ಕ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ಅಡ್ಡ ಓಣಿಯಲ್ಲಿ ಯಶೋಧಕ್ಕನವರ ಹಿಟ್ಟಿನ ಗಿರಣಿ ಇದೆ. ನಮ್ಮ ಮನೆಯ ಜೋಳ ಹದಿನಾಲ್ಕು ವರ್ಷದಿಂದ ಅಲ್ಲೇ ಹಿಟ್ಟಾಗುತ್ತಿದೆ. ಡಬ್ಬಿ ಇಟ್ಟು ಹೋಗಿ ಆಮೇಲೆ ಬಂದು ಒಯ್ಯಬಹುದು. ಆದರೆ ನಾನು ಹೆಚ್ಚಾಗಿ ಅಲ್ಲೇ ನಿಂತುಬಿಡುತ್ತೇನೆ. ಅವರು ಕೆಲಸ ಮಾಡುವುದನ್ನು ನೋಡುವುದು ನನಗೆ ಇಷ್ಟ.

ಯಶೋಧಕ್ಕನವರಿಗೆ ಈಗ ನಲವತ್ತೆಂಟು. ಗಿಡ್ಡ ಆಳು, ಗಟ್ಟಿ ತೋಳು, ಹುಬ್ಬಿನ ಮೇಲೆ ಸದಾ ಹಿಟ್ಟಿನ ಧೂಳು. ಗಿರಣಿಯ ಸದ್ದಿನಲ್ಲೇ ಬೆಳೆದದ್ದರಿಂದ ಎಡಗಿವಿ ಸ್ವಲ್ಪ ಮಂದ. ಎದುರಿನವರ ಮಾತನ್ನು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಹಿಡಿಯುತ್ತಾರೆ. ಗಿರಣಿಯದನ್ನು ಮಾತ್ರ ಅಂಗೈಯಿಂದಲೇ ತಿಳಿಯುತ್ತಾರೆ. ಕಲ್ಲಿನ ಮೇಲಿನ ಕಬ್ಬಿಣದ ಕವಚಕ್ಕೆ ಕೈ ಹಚ್ಚಿ, "ಬೇರಿಂಗ್ ಹೋಗಾಕ ಬಂದೈತಿ" ಅಂದರೆ ಮೆಕ್ಯಾನಿಕ್ ಹೊಸ ಬೇರಿಂಗ್ ಹಿಡಿದುಕೊಂಡೇ ಬರುತ್ತಾನೆ. ಒಮ್ಮೆಯೂ ಅದು ಸುಳ್ಳಾದದ್ದು ನಾನು ಕಂಡಿಲ್ಲ.

ಈ ವಿದ್ಯೆ ಅವರಿಗೆ ಬಂದದ್ದು ಅಪ್ಪನಿಂದ. ಅಪ್ಪ ಲಗಮಣ್ಣ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ, ಕೊನೆಗೆ ಎಂಜಿನ್ನನ್ನೇ ಬಿಚ್ಚಿ ಕೂಡಿಸುವಷ್ಟು ಕಲಿತಿದ್ದರು. ಜಿನ್ ಮುಚ್ಚಿದ ಮೇಲೆ ಒಂದು ಜೋಡಿ ಕಲ್ಲು, ಒಂದು ಹಳೆಯ ಮೋಟಾರು ತಂದು ಈ ಗಿರಣಿ ಹಾಕಿದರು. ಮೊದಮೊದಲು ಓಣಿಯ ಕೆಲವು ಮನೆಗಳ ಜೋಳ ಇದನ್ನು ದಾಟಿಕೊಂಡು ದೂರದ ಗಿರಣಿಗೆ ಹೋಗುತ್ತಿತ್ತು. ಗಿರಣಿಯ ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು. ಲಗಮಣ್ಣ ಯಾವ ಕೇರಿಯವರು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಲಗಮಣ್ಣನ ಹಿಟ್ಟಿನಲ್ಲಿ ರೊಟ್ಟಿ ಹರಿಯದೆ ಬರುತ್ತದೆ ಅನ್ನುವ ಸುದ್ದಿ ಬಾವಿಕಟ್ಟೆಯಿಂದ ಅಡುಗೆಮನೆಗೆ ಹೋಯಿತು. ಒಂದೊಂದಾಗಿ ಡಬ್ಬಿಗಳು ಬಂದವು. ಅಪ್ಪ ತೀರಿಕೊಂಡ ಮೇಲೆ ಗಿರಣಿಗೆ ಯಶೋಧಕ್ಕ ಕೂತರು. ಗಂಡ ಪರಶು ದೊಡವಾಡದ ಕಡೆಯಿಂದ ಹಾಲಿನ ಗಾಡಿ ಓಡಿಸುತ್ತಾನೆ. ಬೆಳಗಿನ ಕೆಲಸ ಮುಗಿದ ಮೇಲೆ ಅವನೂ ಗಿರಣಿಗೆ ಬಂದು ಚೀಲ ಎತ್ತಿಕೊಡುತ್ತಾನೆ.

ಎರಡು ವರ್ಷದ ಹಿಂದೆ ಗಿರಣಿಯ ಪಕ್ಕದ ಖಾಲಿ ಅಂಗಡಿಯಲ್ಲಿ ಶ್ರೀಶೈಲ ಮತ್ತು ಅವನ ಹೆಂಡತಿ ಗಂಗಾ ಚಹಾದ ಹೋಟೆಲು ತೆರೆದರು. ಎರಡಕ್ಕೂ ನಡುವೆ ಒಂದೇ ಗೋಡೆ. ಊರಲ್ಲಿ ಹೋಟೆಲಿಗೇನೂ ಬರವಿಲ್ಲ. ಜನ ಇಲ್ಲಿಗೇ ಬರಬೇಕಾದರೆ ಬೇರೆ ಏನಾದರೂ ಇರಬೇಕು ಅಂತ ಶ್ರೀಶೈಲ ಯೋಚಿಸಿದ. ಅವನ ತಂದೆ ನಿಜಗುಣಪ್ಪನವರ ಹತ್ತಿರ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು. ಮದುವೆಯಾದ ವರ್ಷ ಹುಬ್ಬಳ್ಳಿಯಲ್ಲಿ ಕೊಂಡದ್ದು. ಕಟ್ಟಿಗೆಯ ಪೆಟ್ಟಿಗೆ, ಭಾರದ ಕಬ್ಬಿಣದ ಚಕ್ರ, ಬಿಳಿ ಗುಂಡಿಗಳು. ಜೊತೆಗೆ ತೊಂಬತ್ತು ಪ್ಲೇಟು: ನಾಟಕದ ಹಾಡು, ವಚನ, ಹಿಂದೂಸ್ತಾನಿ ಗಾಯನ, ಒಂದಿಷ್ಟು ಮರಾಠಿ ಅಭಂಗ. ಮೂವತ್ತು ವರ್ಷ ಅಟ್ಟದ ಮೇಲಿದ್ದ ಅದನ್ನು ಶ್ರೀಶೈಲ ಇಳಿಸಿ, ಧಾರವಾಡದ ಒಬ್ಬ ರೇಡಿಯೋ ರಿಪೇರಿಯವರಿಂದ ಹೊಸ ಮುಳ್ಳು ಹಾಕಿಸಿ, ಸ್ಪೀಕರಿನ ಸಮೇತ ಹೋಟೆಲಿನ ಮೇಜಿನ ಮೇಲೆ ಕೂರಿಸಿದ. ಎಪ್ಪತ್ತಾರರ ನಿಜಗುಣಪ್ಪನವರಿಗೆ ಅದರ ಪಕ್ಕದಲ್ಲೇ ಒಂದು ಕುರ್ಚಿ. ಪ್ಲೇಟು ಆರಿಸುವುದು, ಒರೆಸುವುದು, ಹಾಕುವುದು ಅವರ ಕೆಲಸ. ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಬೆಳಿಗ್ಗೆ ಎಂಟಕ್ಕೇ ಬಂದು ಕೂರುತ್ತಿದ್ದರು.

ತೆರೆದ ದಿನ ಬಿಟ್ಟಿ ಚಹಾ ಅಂತ ನಲವತ್ತು ಜನ ಸೇರಿದ್ದರು. ನಾನೂ ಇದ್ದೆ. ನಿಜಗುಣಪ್ಪನವರು ವಚನದ ಪ್ಲೇಟು ಹಾಕಿ ಮುಳ್ಳು ಇಳಿಸಿದರು. ಹಾಡು ಬಂತು, ಆದರೆ ಅದರ ಹಿಂದೆ ದೂರದಲ್ಲಿ ಲಾರಿ ನಿಂತಂತೆ ಒಂದೇ ಸಮನೆ ಗೊರಗೊರ. ಅಷ್ಟರಲ್ಲಿ ಪಕ್ಕದಲ್ಲಿ ಗಿರಣಿ ಶುರುವಾಯಿತು. ಮೇಜು ನಡುಗಿತು. ಮುಳ್ಳು ಚಂಗನೆ ಹಾರಿ ಪಲ್ಲವಿಯಿಂದ ಕೊನೆಯ ಚರಣಕ್ಕೆ ಹೋಗಿ ಬಿತ್ತು. ಜನ ನಕ್ಕರು. ನಿಜಗುಣಪ್ಪನವರು ನಗಲಿಲ್ಲ. ಎದ್ದು ಸೀದಾ ಗಿರಣಿಗೆ ಹೋದರು.

"ಯಶೋಧಾ, ಒಂದ್ ಅರ್ಧಾ ತಾಸ ಬಂದ್ ಮಾಡ."

"ಜನಾ ನಿಂತಾರ್ರಿ ಕಾಕಾರ. ಡಬ್ಬಿ ನೋಡ್ರಿ, ಬಾಗಲಾ ತನಕ ಸಾಲ ಐತಿ."

"ನನ್ನ ಪ್ಲೇಟ ಹಾಳಾಗಾಕ ಹತ್ತೇತಿ."

"ನಮ್ಮ ಗಿರಣಿ ಮೂವತ್ತ್ ವರ್ಷದಿಂದ ಇಲ್ಲೇ ಐತ್ರಿ. ನಿಮ್ಮ ಪ್ಲೇಟ ಇವತ್ತ ಬಂದೈತಿ."

ಮಾತು ಅಲ್ಲಿಗೇ ನಿಂತಿತು. ಆದರೆ ಮುಂದಿನ ಮೂರು ವಾರ ಇದೇ ನಡೆಯಿತು. ಗಿರಣಿ ಶುರುವಾದಾಗ ನಿಜಗುಣಪ್ಪನವರು ಗೋಡೆಗೆ ಕೋಲಿನಿಂದ ಬಡಿಯುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಅದು ಯಶೋಧಕ್ಕನವರಿಗೆ ಕೇಳಿಸುತ್ತಲೇ ಇರಲಿಲ್ಲ. ಬಡಿತಕ್ಕೆ ಮುಳ್ಳು ಇನ್ನೊಮ್ಮೆ ಹಾರುತ್ತಿತ್ತು, ಅಷ್ಟೇ. ಪುರಸಭೆಗೆ ಅರ್ಜಿ ಕೊಡುತ್ತೇನೆ ಅಂತ ಅವರು ಚಹಾ ಕುಡಿಯಲು ಬಂದವರಿಗೆಲ್ಲ ಹೇಳತೊಡಗಿದರು. ಅದು ಯಶೋಧಕ್ಕನವರ ಕಿವಿಗೂ ಬಿತ್ತು. ಅವರಿಗೆ ನೋವಾಯಿತು. ಆ ದಿನ ನಾನು ಹಿಟ್ಟಿಗೆ ಹೋದಾಗ ಯಾವತ್ತಿನ ಮಾತಿಲ್ಲ, ನಗುವಿಲ್ಲ. ಡಬ್ಬಿಯ ಮುಚ್ಚಳ ಹಾಕುತ್ತ, "ಅರ್ಜಿ ಕೊಡಲಿ ತಗೋರಿ. ನಮ್ಮಪ್ಪ ಹಾಕಿದ ಗಿರಣಿ ಅಂತ ನಾನೂ ಹೇಳತೇನಿ" ಅಂದರು.

ಎರಡು ತಿಂಗಳಿಗೊಮ್ಮೆ ಗಿರಣಿಯ ಕಲ್ಲು ನುಣುಪಾಗುತ್ತದೆ. ಆಗ ಗಿರಣಿ ನಿಲ್ಲಿಸಿ, ಮೇಲಿನ ಕಲ್ಲೆತ್ತಿ, ಉಳಿಯಿಂದ ಕಚ್ಚು ಹೊಡೆದು ಒರಟು ಮಾಡಬೇಕು. ಅಂಥ ಒಂದು ಸೋಮವಾರ ಯಶೋಧಕ್ಕ ಕಚ್ಚು ಹೊಡೆಯುವ ಕೆಲಸ ಮುಗಿಸಿ, ಕೈ ತೊಳೆದು, ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮೋಟಾರು ಬೆಳಗಿನಿಂದ ಬಂದ್. ಪಕ್ಕದ ಹೋಟೆಲಿನಿಂದ ಹಾಡು ಬರುತ್ತಿತ್ತು. ಹಾಡಿನ ಹಿಂದೆ ಅದೇ ಗೊರಗೊರ.

ಯಶೋಧಕ್ಕ ಬಲಗಿವಿಯನ್ನು ಆ ಕಡೆ ತಿರುಗಿಸಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೋಟೆಲಿಗೆ ನಡೆದರು. ಅಲ್ಲಿಯ ತನಕ ಅವರು ಅದರ ಹೊಸ್ತಿಲು ದಾಟಿರಲಿಲ್ಲ. ಚಹಾ ಬೇಕಾದರೆ ಗಂಗಾ ಗಿರಣಿಗೇ ಕಳಿಸುತ್ತಿದ್ದಳು.

"ಕಾಕಾರ, ಇವತ್ತ ನನ್ನ ಗಿರಣಿ ಬಂದ್ ಐತಿ."

"ಗೊತ್ತೈತಿ. ಅದಕ್ಕ ಹಾಡ ಚಲೋ ಕೇಳಾಕ ಹತ್ತೇತಿ."

"ಚಲೋ ಎಲ್ಲೈತ್ರಿ? ಹಿಂದ ಒಂದ್ ಸವನ ಗೊರಗುಟ್ಟತೈತಲ್ಲ, ಅದೇನದು?"

ನಿಜಗುಣಪ್ಪನವರು ಮುಳ್ಳು ಎತ್ತಿದರು. ಹಾಡನ್ನು ಮತ್ತೆ ಮೊದಲಿನಿಂದ ಹಾಕಿದರು. ಗೊರಗೊರ ಇತ್ತು. ಮೂರು ವಾರದಿಂದ ಗಿರಣಿಯ ಮೇಲಿನ ಸಿಟ್ಟಿನಲ್ಲಿ ಅವರಿಗೆ ಎಲ್ಲ ಸದ್ದೂ ಗಿರಣಿಯದೇ ಆಗಿಬಿಟ್ಟಿತ್ತು.

"ಹಳೇ ಪ್ಲೇಟ, ಇರತೈತಿ" ಅಂದರು, ಅಷ್ಟೇನೂ ಗಟ್ಟಿಯಾಗಿ ಅಲ್ಲ.

ಯಶೋಧಕ್ಕ ಮೇಜಿನ ಮೇಲೆ ಅಂಗೈ ಇಟ್ಟರು. "ಮೇಜಿನಾಗ ನಡುಕ ಐತಿ. ಗಿರಣಿ ಬಂದ್ ಇದ್ರೂ ಐತಿ. ಗಂಗಾ, ಒಳಗ ಏನರ ನಡದೈತೇನವಾ?"

ಒಳಗೆ ದೋಸೆಯ ಹಿಟ್ಟು ರುಬ್ಬುವ ಗ್ರೈಂಡರ್ ನಡೆದಿತ್ತು. ಗಂಗಾ ಅದನ್ನು ನಿಲ್ಲಿಸಿದಳು. ಗೊರಗೊರ ಅರ್ಧ ಇಳಿಯಿತು. ಮತ್ತೆ ಹಚ್ಚಿದಳು, ಏರಿತು. ಗಂಗಾಳಿಗೆ ನಗು ತಡೆಯಲಾಗಲಿಲ್ಲ. "ಮಾವಾರ, ಗ್ರೈಂಡರಿನ ಮ್ಯಾಲೂ ಒಂದ್ ಅರ್ಜಿ ಕೊಡ್ರಿ" ಅಂದಳು. ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಈ ಸಲ ನಿಜಗುಣಪ್ಪನವರ ಮೀಸೆಯೂ ಅಲುಗಿತು.

ಮರುದಿನ ಯಶೋಧಕ್ಕ ಒಂದು ಬಟ್ಟಲಿನಲ್ಲಿ ಜೋಳದ ಹಿಟ್ಟು ಹಿಡಿದುಕೊಂಡು ಬಂದರು. ಮೇಜಿನ ಮೇಲಿದ್ದುದನ್ನೆಲ್ಲ ತೆಗೆಸಿ, ಹಿಟ್ಟನ್ನು ಬೆರಳ ತುದಿಯಿಂದ ತೆಳ್ಳಗೆ ಉದುರಿಸಿದರು. ಪರಶುವಿಗೆ ಗಿರಣಿ ಹಚ್ಚಲು ಕೂಗಿದರು. ಹಿಟ್ಟು ನಿಧಾನಕ್ಕೆ ಸರಿಯತೊಡಗಿತು. ಮೇಜಿನ ನಡುವಿನಿಂದ ಸರಿದು, ಎರಡು ಬಾಗಿದ ಗೆರೆಗಳಾಗಿ ನಿಂತಿತು.

"ನೋಡ್ರಿ ಕಾಕಾರ. ನಡುಕ ಜಾಸ್ತಿ ಇದ್ದಲ್ಲಿ ಹಿಟ್ಟ ನಿಲ್ಲಂಗಿಲ್ಲ. ಕಡಿಮಿ ಇದ್ದಲ್ಲಿ ಬಂದ ಕೂಡತೈತಿ. ನೀವು ನಿಮ್ಮ ಪೆಟಗಿ ಎಲ್ಲಿ ಇಟ್ಟಿದ್ರಿ? ನಟ್ಟನಡಕ. ಮೇಜ ಎಲ್ಲಿ ಜಾಸ್ತಿ ಕುಣೀತೈತೋ ಅಲ್ಲೇ ಕುಂದರಿಸೀರಿ."

ನಿಜಗುಣಪ್ಪನವರು ಕನ್ನಡಕ ಹಾಕಿಕೊಂಡು ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಇದನ್ನ ಯಾರ ಕಲಿಸಿದ್ರು ನಿನಗ?" ಅಂತ ಕೇಳಿದರು.

"ಯಾರ ಕಲಿಸಬೇಕ್ರಿ? ಗಿರಣ್ಯಾಗ ದಿನಾ ಡಬ್ಬಿ ಮುಚ್ಚಳದ ಮ್ಯಾಲ ಹಿಟ್ಟ ಬೀಳತೈತಿ. ದಿನಾ ನೋಡತೇನಿ."

ಆವತ್ತಿನಿಂದ ಕೆಲಸ ಶುರುವಾಯಿತು. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಗಿರಣಿಗೆ ಜನ ಕಡಿಮೆ, ಹೋಟೆಲಿಗೂ ಕಡಿಮೆ. ಆ ಹೊತ್ತಿನಲ್ಲಿ ಯಶೋಧಕ್ಕ ಹೋಟೆಲಿಗೆ ಬರುತ್ತಿದ್ದರು. ಗ್ರೈಂಡರನ್ನು ಗಂಗಾ ಹಿಂದಿನ ಹಿತ್ತಲಿನ ಕಟ್ಟೆಗೆ ಸಾಗಿಸಿದಳು. ಆದರೂ ಸಣ್ಣದೊಂದು ಗುಂಯ್‌ಗಾಟ ಉಳಿಯಿತು. ಗಿರಣಿಯೂ ಬಂದ್, ಗ್ರೈಂಡರೂ ಬಂದ್. ಮತ್ತೆಲ್ಲಿಂದ?

ಯಶೋಧಕ್ಕ ಉದ್ದದ ಸ್ಕ್ರೂಡ್ರೈವರ್ ತಂದು, ಅದರ ತುದಿಯನ್ನು ಪ್ಲೇಯರಿನ ಪೆಟ್ಟಿಗೆಗೆ ಊರಿ, ಹಿಡಿಕೆಯನ್ನು ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರು. ಗಿರಣಿಯಲ್ಲಿ ಬೇರಿಂಗಿನ ಸದ್ದು ಹಿಡಿಯುವ ರೀತಿ ಅದು. ಪೆಟ್ಟಿಗೆಯ ಸುತ್ತ ತುದಿಯನ್ನು ಸರಿಸುತ್ತ ಹೋಗಿ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದರು.

"ಇಲ್ಲೈತಿ. ಬಿಚ್ಚಬೇಕಾಕ್ಕೈತಿ."

ಬಿಚ್ಚುವ ಮಾತಿಗೆ ನಿಜಗುಣಪ್ಪನವರ ಮುಖ ಸಣ್ಣದಾಯಿತು. ಮದುವೆಯ ವರ್ಷದ ಪೆಟ್ಟಿಗೆ. ಕೊನೆಗೆ, "ನಾ ಹಿಡಕೋತೇನಿ, ನೀ ಬಿಚ್ಚ" ಅಂದರು. ಚಕ್ರ ಎತ್ತಿ, ತಗಡು ತೆಗೆದಾಗ ಒಳಗೆ ಸಣ್ಣ ಮೋಟಾರು ಕಂಡಿತು. ಅದು ಮೂರು ಬೋಲ್ಟುಗಳಲ್ಲಿ ನೇತಾಡುತ್ತಿತ್ತು. ಒಂದೊಂದು ಬೋಲ್ಟಿಗೂ ಒಂದೊಂದು ರಬ್ಬರ್ ಬಿಲ್ಲೆ. ಮೋಟಾರಿನ ನಡುಕ ಪೆಟ್ಟಿಗೆಗೆ ದಾಟದಿರಲಿ ಅಂತ ಮಾಡಿದವರು ಹಾಕಿದ್ದು. ಯಶೋಧಕ್ಕ ಒಂದನ್ನು ಉಗುರಿನಿಂದ ಒತ್ತಿದರು. ಅದು ಬಗ್ಗಲಿಲ್ಲ. ನೆಲಕ್ಕೆ ಹಾಕಿದರು. ಟಕ್ ಅಂತ ಸದ್ದಾಯಿತು.

"ರಬ್ಬರ್ ಹೋಗಿ ಕಲ್ಲಾಗೇತ್ರಿ. ಐವತ್ತ್ ವರ್ಷ ಆತಲ್ಲ. ಮೋಟಾರ ನಡಗಿದ್ದೆಲ್ಲಾ ಸೀದಾ ಪೆಟಗಿಗೆ, ಪೆಟಗಿಯಿಂದ ಮುಳ್ಳಿಗೆ. ಮುಳ್ಳಿಗೇನ ಗೊತ್ರಿ, ಯಾವದ ಹಾಡು, ಯಾವದ ನಡುಕ ಅಂತ? ತನಗ ಮುಟ್ಟಿದ್ದೆಲ್ಲಾ ಹಾಡತೈತಿ."

ಮೊದಲು ಲಾರಿಯ ಟ್ಯೂಬಿನಿಂದ ಬಿಲ್ಲೆ ಕತ್ತರಿಸಿ ಹಾಕಿದರು, ಬಿರುಸಾಯಿತು. ಸೈಕಲ್ ಟ್ಯೂಬಿನದು ತೀರಾ ತೆಳುವಾಗಿ ಮೋಟಾರು ಓರೆಯಾಯಿತು. ಕೊನೆಗೆ ಮಿಕ್ಸರಿನ ಕಾಲಿಗೆ ಹಾಕುವ ಮೆತ್ತನೆಯ ರಬ್ಬರ್ ಪೇಟೆಯಿಂದ ತಂದು, ಬ್ಲೇಡಿನಿಂದ ಕೊರೆದು ಕೂರಿಸಿದರು. ಯಶೋಧಕ್ಕ ಬ್ಲೇಡು ಹಿಡಿದು ಕೂತಿದ್ದಾಗಲೇ ನಿಜಗುಣಪ್ಪನವರು ಇದ್ದಕ್ಕಿದ್ದಂತೆ ಹೇಳಿದರು.

"ಯಶೋಧಾ, ನಿಮ್ಮಪ್ಪ ಗಿರಣಿ ಹಾಕಿದಾಗ ನಮ್ಮ ಮನಿ ಜ್ವಾಳಾನೂ ದೂರ ಹೋಗತಿತ್ತ. ನಮ್ಮವ್ವ ಕಳಸತಿದ್ಲು. ನಾ ಸುಮ್ಮನ ಹೊತಗೊಂಡ ಹೋಗತಿದ್ದೆ. ನಾ ಸುಮ್ಮನಿರಬಾರದಿತ್ತ."

ಯಶೋಧಕ್ಕ ತಲೆ ಎತ್ತಲಿಲ್ಲ. "ಗೊತ್ತೈತ್ರಿ ಕಾಕಾರ. ನಿಮ್ಮ ಸೈಕಲ್ ಮ್ಯಾಲ ಡಬ್ಬಿ ಇರತಿತ್ತ. ನಾ ಬಾಗಲದಾಗ ನಿಂತ ನೋಡತಿದ್ದೆ." ಕೊರೆದ ಬಿಲ್ಲೆಯನ್ನು ಕೂರಿಸುತ್ತ, "ಆ ಬೋಲ್ಟ್ ಗಟ್ಟಿ ಹಿಡೀರಿ, ಜಾರತೈತಿ" ಅಂದರು.

ಅವರು ಗಟ್ಟಿ ಹಿಡಿದರು. ಇದನ್ನು ನನಗೆ ಹೇಳಿದವರು ನಿಜಗುಣಪ್ಪನವರೇ. ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

ಆ ಸಂಜೆ ಪ್ಲೇಟು ಹಾಕಿದಾಗ ಗುಂಯ್‌ಗಾಟ ಇರಲಿಲ್ಲ. ಗಿರಣಿ ನಡೆದಾಗ ಮಾತ್ರ ಮೇಜು ಅಲುಗುತ್ತಿತ್ತು. "ಇನ್ನ ಉಳಿದದ್ದ ನನ್ನ ಪಾಲಿಂದು" ಅಂದರು ಯಶೋಧಕ್ಕ. ಮುಂದಿನ ಭಾನುವಾರ ಪರಶು ಹಳೆಯ ಟ್ರ್ಯಾಕ್ಟರ್ ಟೈರಿನ ತುಂಡುಗಳನ್ನು ತಂದ. ನಾಲ್ಕು ಜನ ಸೇರಿ ಗಿರಣಿಯ ಚೌಕಟ್ಟನ್ನು ಹಾರೆಯಿಂದ ಎತ್ತಿ, ಪ್ರತಿ ಕಾಲಿನ ಕೆಳಗೂ ಎರಡೆರಡು ತುಂಡು ಕೂರಿಸಿದರು. ಗೋಡೆಗೆ ತಾಗಿದ್ದ ಒಂದು ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ ಹಾಕಿದರು. ಗೋಡೆಗೆ ನಡುಕ ದಾಟಿಸುತ್ತಿದ್ದುದು ಮುಖ್ಯವಾಗಿ ಅದೇ.

ಇದರಿಂದ ಯಶೋಧಕ್ಕನವರಿಗೇ ಒಂದು ಲಾಭವಾಯಿತು. ಅವರು ಅದನ್ನು ಎಣಿಸಿರಲಿಲ್ಲ. ಇಷ್ಟು ವರ್ಷ ಸಂಜೆಯ ಹೊತ್ತಿಗೆ ಅವರ ಪಾದದಿಂದ ಮೊಣಕಾಲಿನ ತನಕ ಜುಮುಜುಮು ಅನ್ನುತ್ತಿತ್ತು. ವಯಸ್ಸಾಯಿತು ಅಂದುಕೊಂಡಿದ್ದರು. ಟೈರು ಹಾಕಿದ ನಾಲ್ಕನೆಯ ದಿನ ಅದು ಇಲ್ಲವಾಗಿತ್ತು. "ನೋಡ್ರಿ, ಕಾಕಾನ ಹಾಡಿಗಂತ ಮಾಡಿದ್ದು, ನನ್ನ ಮೊಣಕಾಲಿಗೆ ಬಂತು" ಅಂತ ನನ್ನ ಮುಂದೆ ಎರಡು ಕಾಲನ್ನೂ ನೆಲಕ್ಕೆ ಬಡಿದು ತೋರಿಸಿದರು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಿಜಗುಣಪ್ಪನವರಿಗೆ ಆಸೆ ಹುಟ್ಟಿತು. ಇಷ್ಟು ರಬ್ಬರಿಗೆ ಇಷ್ಟು ಚೆನ್ನಾದರೆ, ಇನ್ನೂ ಹಾಕಿದರೆ? ಯಶೋಧಕ್ಕ ಮದುವೆಗೆಂದು ಮೂರು ದಿನ ಸಿರಸಂಗಿಗೆ ಹೋಗಿದ್ದಾಗ ಅವರು ಪೆಟ್ಟಿಗೆಯ ಕೆಳಗೆ ಹಾಸಿಗೆಯ ಫೋಮ್ ಹಾಕಿದರು, ಎರಡು ಪದರ. ಚಕ್ರದ ಮೇಲಿದ್ದ ರಬ್ಬರ್ ಹಾಸು ತೆಗೆದು ಅಲ್ಲಿಯೂ ದಪ್ಪ ಫೋಮ್ ಕತ್ತರಿಸಿ ಹಾಕಿದರು. ಪೆಟ್ಟಿಗೆಯ ಸುತ್ತ ಕೌದಿ ಸುತ್ತಿದರು. ಈಗ ಗಿರಣಿ ನಡೆದರೇನು, ಎದುರಿಗೆ ಆನೆ ಕುಣಿದರೇನು, ಮುಳ್ಳು ಹಾರುವುದಿಲ್ಲ ಅಂತ ಶ್ರೀಶೈಲನಿಗೆ ಹೇಳಿದರು.

ಹೋಟೆಲಿನ ಎದುರು ತರಕಾರಿ ಮಾರುವ ರಾಚವ್ವ ಬೆಳಗಿನ ಚಹಾಕ್ಕೆ ಬಂದಳು. ಅವಳು ದಿನಾ ಕೇಳುವುದು ಒಂದೇ ನಾಟಕದ ಹಾಡು. ಅರ್ಧ ಕಪ್ಪು ಮುಗಿಸಿ ಕೇಳಿದಳು:

"ಇವತ್ತ ಹಾಡಾವಗ ಜ್ವರ ಬಂದಾವೇನ್ರಿ ಅಜ್ಜಾರ? ಹೊದಿಕಿ ಹೊತಗೊಂಡ ಹಾಡಿದಂಗ ಆಗೇತಿ."

ನಿಜಗುಣಪ್ಪನವರಿಗೆ ಸಿಟ್ಟು ಬಂತು. ಆದರೆ ಕೇಳಿದರೆ ರಾಚವ್ವ ಹೇಳಿದ್ದು ನಿಜ. ತಬಲಾದ ಪೆಟ್ಟು ಹಿಟ್ಟಿನ ಚೀಲಕ್ಕೆ ಗುದ್ದಿದಂತೆ ಕೇಳುತ್ತಿತ್ತು. ತಾಳದ ಕಿಣಿಕಿಣಿ ಎಲ್ಲೋ ಹೋಗಿತ್ತು. ಮೇಲಾಗಿ ಯಾರಾದರೂ ಮೇಜಿಗೆ ಸೊಂಟ ತಾಗಿಸಿದರೆ ಪೆಟ್ಟಿಗೆ ದೋಣಿಯಂತೆ ತೂಗಾಡಿ, ದನಿ ಅಳುವಂತೆ ಎಳೆದಾಡುತ್ತಿತ್ತು.

ಯಶೋಧಕ್ಕ ಊರಿಂದ ಬಂದವರು ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಕೂಸಿಗೆ ಥಂಡಿ ಅಂತ ಹತ್ತ್ ಕೌದಿ ಹಾಕಿದಂಗ ಮಾಡೀರಲ್ರಿ ಕಾಕಾರ. ಬ್ಯಾಡಾದ ನಡುಕ ತಗೀಬೇಕ, ಖರೆ. ಆದ್ರ ಹಾಡೂ ನಡುಕಾನ ಅಲ್ರಿ? ತಬಲಾ ನಡಗಿದ್ರನ ಸದ್ದ. ಎಲ್ಲಾನೂ ಹೀರಿಬಿಟ್ರ ಹಾಡಿಗೆ ಏನ ಉಳೀತೈತಿ?"

"ಹಂಗಾರ ಏನ ಮಾಡಬೇಕು?"

"ಕೆಳಗ ಮೆತ್ತಗಿರಬೇಕ, ಮ್ಯಾಲ ಭಾರ ಇರಬೇಕ. ಬರೇ ಮೆತ್ತಗಿದ್ರ ತೂಗಾಡತೈತಿ. ಬರೇ ಭಾರ ಇದ್ರ ನೆಲದ ನಡುಕ ಏರಿ ಬರತೈತಿ."

ಗಿರಣಿಯ ಹಿತ್ತಲಲ್ಲಿ ಸವೆದು ತೆಳ್ಳಗಾಗಿ ಎತ್ತಿಟ್ಟ ಒಂದು ಹಳೆಯ ಬೀಸುಕಲ್ಲು ಇತ್ತು, ಲಗಮಣ್ಣನ ಕಾಲದ್ದು. ಅದರ ಅಗಲವೂ ಪ್ಲೇಯರಿನ ಅಗಲವೂ ಹೆಚ್ಚುಕಡಿಮೆ ಒಂದೇ. ಪರಶು ಮತ್ತು ಶ್ರೀಶೈಲ ಅದನ್ನು ಗೋಣಿಯಲ್ಲಿ ಹಾಕಿಕೊಂಡು ಏದುಸಿರು ಬಿಡುತ್ತ ಹೊತ್ತು ತಂದರು. ಮೇಜು ಬೇಡ ಅಂತ ಯಶೋಧಕ್ಕ ಇಟ್ಟಿಗೆಯ ಕಟ್ಟೆ ಕಟ್ಟಿಸಿದ್ದರು, ಗಿರಣಿಯ ಗೋಡೆಯಿಂದ ದೂರ. ಕಟ್ಟೆಯ ಮೇಲೆ ಸ್ಕೂಟರಿನ ಟ್ಯೂಬು, ಅರ್ಧ ಗಾಳಿ ತುಂಬಿದ್ದು. ಅದರ ಮೇಲೆ ಕಲ್ಲು. ಕಲ್ಲಿನ ಮೇಲೆ ಪ್ಲೇಯರ್. ಸ್ಪೀಕರನ್ನು ಮಾತ್ರ ಕಟ್ಟೆಯ ಮೇಲಿಡದೆ ಎದುರಿನ ಗೋಡೆಯ ಹಲಗೆಗೆ ಸಾಗಿಸಿದರು. ಪ್ಲೇಯರಿನ ಪಕ್ಕದಲ್ಲಿದ್ದಾಗ ಅದು ತನ್ನ ನಡುಕವನ್ನು ತಾನೇ ಮುಳ್ಳಿಗೆ ತಲುಪಿಸಿ ಇನ್ನಷ್ಟು ಕೂಗುತ್ತಿತ್ತು.

ಚಕ್ರದ ಮೇಲೆ ಏನು ಹಾಸಬೇಕು ಅನ್ನುವುದಕ್ಕೆ ಪರೀಕ್ಷೆ ನಡೆಯಿತು. ಪರೀಕ್ಷಕಿ ರಾಚವ್ವ. ಅವಳನ್ನು ಬೆನ್ನು ತಿರುಗಿಸಿ ಕೂರಿಸಿ ಅದೇ ನಾಟಕದ ಹಾಡನ್ನು ಮೂರು ಸಲ ಹಾಕಿದರು. ಮೊದಲು ಹಾಸಿಲ್ಲದ ಬರೀ ಕಬ್ಬಿಣ. "ತಾಟ ತೊಳದಂಗ ಆಗತೈತಿ, ಝಣಝಣ." ಆಮೇಲೆ ಹಳೆಯ ರಬ್ಬರು. "ಬರೋಬ್ಬರಿ, ಸ್ವಲ್ಪ ದಪ್ಪ." ಕೊನೆಗೆ ಗಂಗಾ ಹಳೆಯ ಕಂಬಳಿಯಿಂದ ದುಂಡಗೆ ಕತ್ತರಿಸಿದ ತೆಳು ತುಂಡು. ರಾಚವ್ವ ಕೊನೆಯ ತನಕ ಕೇಳಿದಳು. ಹಾಡು ಮುಗಿದ ಮೇಲೆ ತಿರುಗಿ, "ಇದ ಇರಲಿ. ಇದರಾಗ ಪೇಟಿ ಬಾರಿಸಾಂವ ಹಿಂದ ಕುಂತಾನ, ಹಾಡಾಂವ ಮುಂದ ನಿಂತಾನ" ಅಂದಳು. ಪೇಟಿ ಅಂದರೆ ಹಾರ್ಮೋನಿಯಂ. ನಾವೆಲ್ಲ ಮತ್ತೆ ಕೇಳಿದೆವು. ಅವಳು ಹೇಳಿದ ಹಾಗೇ ಇತ್ತು.

ಪಕ್ಕದಲ್ಲಿ ಗಿರಣಿ ಓಡುತ್ತಿತ್ತು. ಗಿರಣಿಯ ಸದ್ದು ಗಾಳಿಯಲ್ಲಿ ಕೇಳುತ್ತಲೇ ಇತ್ತು, ಆದರೆ ಹಾಡಿನ ಒಳಗೆ ಅದು ಇರಲಿಲ್ಲ.

ಸುದ್ದಿ ಬಸ್ಸು ಹತ್ತಿತು. ಕಿತ್ತೂರಿನಿಂದ ಒಬ್ಬರು, ಸವದತ್ತಿಯಿಂದ ಇಬ್ಬರು ತಮ್ಮ ಹಳೆಯ ಪ್ಲೇಯರುಗಳ ಕಷ್ಟ ಹೇಳಿಕೊಂಡು ಬಂದರು. ರಾಮದುರ್ಗದ ಬಟ್ಟೆ ಅಂಗಡಿಯ ಗೌರೀಶ ಅನ್ನುವವರು ಪ್ಲೇಯರನ್ನು ಗಾದಿಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದರು. ಯಶೋಧಕ್ಕ ಸ್ಕ್ರೂಡ್ರೈವರ್ ಹಚ್ಚಿ ನೋಡಿ, "ಇದರಾಗ ಏನೂ ಇಲ್ರಿ. ಇದು ಕುಂಡ್ರೂ ಜಾಗಾ ನೋಡಬೇಕ. ಜಾಗಾ ತರಾಕ ಬರಂಗಿಲ್ಲ, ನಾನ ಬರತೇನಿ" ಅಂದರು.

ಒಂದು ಭಾನುವಾರ ಗಂಡ ಹೆಂಡತಿ ರಾಮದುರ್ಗಕ್ಕೆ ಹೋದರು. ಜಾತ್ರೆ, ಮದುವೆ, ಆಸ್ಪತ್ರೆ ಬಿಟ್ಟರೆ ಯಶೋಧಕ್ಕ ಬೇರೆ ಕಾರಣಕ್ಕೆ ಊರು ದಾಟಿದ್ದು ಅದೇ ಮೊದಲು. ಗೌರೀಶರ ಪ್ಲೇಯರ್ ಇದ್ದದ್ದು ಮಾಳಿಗೆಯ ಹಲಗೆ ನೆಲದ ಮೇಲೆ. ಒಬ್ಬರು ನಡೆದರೆ ಹಲಗೆ ಬಾಗುತ್ತಿತ್ತು. ಯಶೋಧಕ್ಕ ಹಲಗೆಯ ಮೇಲೆ ಹಿಟ್ಟು ಉದುರಿಸಿ, ಪರಶುವಿಗೆ ನಡೆಯಲು ಹೇಳಿದರು. ಪರಶು ಮದುಮಗನ ಹಾಗೆ ಗಂಭೀರವಾಗಿ ಅತ್ತಿಂದಿತ್ತ ನಡೆದ. ಗೌರೀಶರ ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಕೊನೆಗೆ, "ನೆಲದ ಸಹವಾಸ ಬ್ಯಾಡ್ರಿ ಇದಕ್ಕ. ಕಲ್ಲಿನ ಗ್ವಾಡಿ ಐತಿ, ಗ್ವಾಡಿಗೆ ಹಲಗಿ ಹೊಡೀರಿ" ಅಂತ ಜಾಗ ತೋರಿಸಿದರು. ಬಡಗಿ ಅಲ್ಲೇ ಬಂದು ಹಲಗೆ ಹೊಡೆದ. ಪ್ಲೇಟು ಹಾಕಿ, ಮನೆಯವರೆಲ್ಲ ಸೇರಿ ಮಾಳಿಗೆಯಲ್ಲಿ ಕುಣಿದು ನೋಡಿದರು. ಮುಳ್ಳು ಕದಲಲಿಲ್ಲ. ಹೋಳಿಗೆ ಊಟ ಹಾಕದೆ ಗಂಡ ಹೆಂಡತಿಯನ್ನು ಬಿಡಲಿಲ್ಲ. "ನನಗ ಯಾರೂ ಕರದ ಕುಂದರಿಸಿ, ನೀವ ಹೇಳ್ರಿ ಅಂತ ಕೇಳಿದ್ದ ಇಲ್ಲ. ಅವತ್ತ ಕೇಳಿದ್ರು" ಅಂತ ಯಶೋಧಕ್ಕ ಆಮೇಲೆ ನನಗೆ ಹೇಳಿದರು. ಹೇಳುವಾಗ ಜರಡಿ ಹಿಡಿಯುವ ಕೈ ನಿಂತಿತ್ತು.

ಇಷ್ಟೆಲ್ಲ ಮಾಡಿದರೂ ಅವರು ಕೂತು ಹಾಡು ಕೇಳಿದವರಲ್ಲ. ನಡುಕ ಹುಡುಕುವುದಕ್ಕೆ ಕೇಳುತ್ತಿದ್ದರು. ಸಿಕ್ಕ ಮೇಲೆ ಎದ್ದು ಹೋಗುತ್ತಿದ್ದರು.

ಹೋದ ತಿಂಗಳು ನಾನು ಡಬ್ಬಿ ಹಿಡಿದುಕೊಂಡು ಹೋದಾಗ ಗಿರಣಿ ಖಾಲಿ ಇತ್ತು. ಮಧ್ಯಾಹ್ನ ಮೂರು ಗಂಟೆ. ಯಶೋಧಕ್ಕ ಹೋಟೆಲಿನಲ್ಲಿ, ಕಟ್ಟೆಯ ಎದುರು ನಿಂತಿದ್ದರು. ನಿಜಗುಣಪ್ಪನವರು ಮುಳ್ಳು ಇಳಿಸುವುದನ್ನು ಕಲಿಸುತ್ತಿದ್ದರು.

"ಕೈ ತೊಳಕೊಂಡೀಯಿಲ್ಲೋ? ಹಿಟ್ಟ ಇರಬಾರದ."

"ತೊಳಕೊಂಡೇನ್ರಿ."

"ಬೆರಳಿಂದ ಒತ್ತಬ್ಯಾಡ. ಬಿಡ, ಅದ ತಾನ ಇಳೀತೈತಿ."

ನಲವತ್ತು ಕಿಲೋದ ಚೀಲವನ್ನು ಒಂದೇ ಏಟಿಗೆ ಎತ್ತುವ ಆ ಕೈ ಬೆರಳನ್ನು ಮೆಲ್ಲಗೆ ಸಡಿಲಿಸಿತು. ಮುಳ್ಳು ಇಳಿಯಿತು. ಒಬ್ಬ ಗಾಯಕಿಯ ಭೈರವಿ, ಜೊತೆಗೆ ತಂಬೂರಿ, ಮೆಲ್ಲಗೆ ತಬಲಾ. ಯಶೋಧಕ್ಕ ಕುರ್ಚಿ ಎಳೆದುಕೊಂಡು, ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕೂತರು. ಎರಡನೆಯ ಸಾಲು ಮುಗಿದಾಗ ಥಟ್ಟನೆ ಕೈ ಎತ್ತಿದರು.

"ಕಾಕಾರ, ಈಕಿ ಉಸರ ತಗೊಂಡ್ಲು. ಕೇಳಸ್ತು."

"ಮತ್ತ? ಉಸರ ತಗೊಳ್ಳದ ಹ್ಯಾಂಗ ಹಾಡ್ಯಾಳು?"

"ಅದಲ್ರಿ. ನನಗ ಕೇಳಸ್ತು."

ನಿಜಗುಣಪ್ಪನವರು ತಮ್ಮ ಕುರ್ಚಿಯನ್ನೂ ಸ್ಪೀಕರಿನ ಕಡೆ ತಿರುಗಿಸಿದರು. ಗಂಗಾ ಒಳಗಿನಿಂದ ಮೂರು ಚಹಾ ತಂದಿಟ್ಟಳು. ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಯಶೋಧಕ್ಕ, "ಬರ್ರಿ, ಕುಂಡ್ರಿ. ಪ್ಲೇಟ ಮುಗದ ಮ್ಯಾಲ ಬೀಸಿ ಕೊಡತೇನಿ" ಅಂದರು. ನಾನು ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತೆ. ಅವರು ಮತ್ತೆ ಸ್ಪೀಕರಿನ ಕಡೆ ತಿರುಗಿ, ಮುಂದಿನ ಉಸಿರಿಗೆ ಕಾಯತೊಡಗಿದರು.